ಎಪ್ಪತ್ತೆರಡು ಅಲಗುಗಳ ಒಂದೇ ದನಿ

ಎಳ್ಳಮಾಸೆ ಕಳೆದು ಮೂರನೆಯ ದಿನ. ಆ ಮುಂಜಾನೆ ಮಂಜೂ ಇರಲಿಲ್ಲ, ಮೋಡವೂ ಇರಲಿಲ್ಲ, ಬರೀ ಮೂಡಗಾಳಿ. ಊರ ಹೊರಗಿನ ಬಿಳಿಜೋಳದ ಹೊಲಗಳ ಮೇಲೆ ಅದು ಎಡೆಬಿಡದೆ ಬೀಸುತ್ತಿತ್ತು. ಹಾಲು ತುಂಬಿದ ತೆನೆಗಳೆಲ್ಲ ಒಂದೇ ಕಡೆಗೆ ಬಾಗಿ, ಒಂದೇ ಸಲ ಎದ್ದು, ಮತ್ತೆ ಒಂದೇ ಸಲ ಬಾಗುತ್ತಿದ್ದವು. ಮೊದಲಾಗಿದ್ದರೆ ಮಾಳಿಂಗರಾಯ ಅದನ್ನು ನಿಂತು ನೋಡುತ್ತಿದ್ದ. ಈಗ ಅವನಿಗೆ ಆ ಕಡೆ ಕಣ್ಣೆತ್ತಲಾಗಲಿಲ್ಲ. ಕಂಬಳಿಯನ್ನು ತಲೆಯ ಮೇಲೆಳೆದುಕೊಂಡು ಬಾದಾಮಿಯ ಬಸ್ಸು ಹಿಡಿಯಲು ನಡೆದ.

ಕಂಬಳಿಯ ಒಳಗೆ, ಎದೆಗೆ ಒತ್ತಿ ಹಿಡಿದ ಒಂದು ಪುಸ್ತಕವಿತ್ತು. ಹಸಿರು ಬಟ್ಟೆಯ ರಟ್ಟು, ಒಂದು ಮೂಲೆಗೆ ಎಣ್ಣೆಯ ಕಲೆ. ಸಕ್ಕರೆ ಕಾರ್ಖಾನೆಯ ಟರ್ಬೈನಿನ ಮುಂದೆ ಪಾಳಿಯಲ್ಲಿ ಕುಳಿತವನು ತಾಸುತಾಸಿಗೂ ಯಂತ್ರದ ಹದವನ್ನು ಬರೆದಿಡುವ ಪುಸ್ತಕ ಅದು. ದೀಪಾವಳಿ ಪಾಡ್ಯದ ಸಂಜೆ ಆ ಟರ್ಬೈನು ಒಡೆದು, ಮುಂದೆ ಕುಳಿತಿದ್ದ ಗೌತಮ ಸತ್ತ. ಅಂದಿನಿಂದ ಪುಸ್ತಕ ಸಿಕ್ಕಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಬರೆಯದೆ ಕುಳಿತಿದ್ದನೇನೋ, ಅದಕ್ಕೇ ಇಲ್ಲ ಎಂದು ಕೆಲವರು ಸೇರಿಸುತ್ತಿದ್ದರು. ಅದು ಇಷ್ಟು ದಿನವೂ ಮಾಳಿಂಗರಾಯನ ಮನೆಯಲ್ಲಿ, ಜೋಳದ ಚೀಲದ ಅಡಿಯಲ್ಲಿತ್ತು.

ಅವನ ಹೆಂಡತಿ ಸಾವಂತ್ರವ್ವ ಅದನ್ನು ಕಂಡದ್ದು ಎಳ್ಳಮಾಸೆಯ ಹಿಂದಿನ ದಿನ, ಹೊಲಕ್ಕೆ ಚರಗ ಚೆಲ್ಲುವ ಅಡುಗೆಗೆ ಜೋಳ ತೆಗೆಯುವಾಗ. ಅವಳಿಗೆ ಓದು ಬರುತ್ತಿರಲಿಲ್ಲ, ಆದರೆ ಗಂಡನ ಮುಖ ಓದಲು ಬರುತ್ತಿತ್ತು. ಎರಡು ದಿನ ಏನೂ ಕೇಳಲಿಲ್ಲ. ಮೂರನೆಯ ರಾತ್ರಿ ಗಂಗಾಳ ಮುಂದಿಟ್ಟು ಅಂದಳು:

"ಅದರ ಮ್ಯಾಲಿನ ಜೋಳ ನಾ ಹ್ಯಾಂಗ ಬೀಸಲಿ ಹೇಳ್ರಿ. ಉಣ್ಣೋದು ಹ್ಯಾಂಗ?"

ಅವನು ಉಣ್ಣಲಿಲ್ಲ. ನಾಡಿದ್ದು ಹುನಗುಂದದಲ್ಲಿ ಈ ಅಪಘಾತದ ವಿಚಾರಣೆಯ ಕಡೆಯ ದಿನ. ಅಂದು ಬರೆದದ್ದೇ ಶಾಶ್ವತ. ಗೌತಮನ ತಪ್ಪಿನಿಂದ ಯಂತ್ರ ಹೋಯಿತು, ಗೌತಮನೂ ಹೋದ ಎಂದು ಕಾಗದದಲ್ಲಿ ಬಿದ್ದರೆ, ಅವನ ತಾಯಿ ಸಾಯುವ ತನಕ ಅದನ್ನು ಹೊತ್ತುಕೊಂಡೇ ಇರಬೇಕು. ಬೀಳದಂತೆ ಮಾಡಬಲ್ಲದ್ದು ಲೋಕದಲ್ಲಿ ಒಂದೇ ಇತ್ತು, ಅದು ಜೋಳದ ಕೆಳಗಿತ್ತು.

ಬಸ್ಸು ಅಮೀನಗಡ ದಾಟಿತು. ಮಾಳಿಂಗರಾಯ ಕಿಟಕಿಗೆ ಬೆನ್ನು ಮಾಡಿ ಕುಳಿತಿದ್ದ.

ಕುರುಬರ ಮನೆತನದ ಈ ಮಾಳಿಂಗರಾಯ ಐವತ್ತಾರರ ಗಂಡಸು. ತಂದೆ ಕುರಿ ಕಾಯ್ದ. ಇವನು ಇಪ್ಪತ್ತೆರಡರಲ್ಲಿ ಕಾರ್ಖಾನೆಗೆ ಸೇರಿ, ಇಳಕಲ್ಲಿನ ಖಲೀಲ ಮೇಸ್ತ್ರಿಯ ಕೈಕೆಳಗೆ ಟರ್ಬೈನಿನ ಕೆಲಸ ಕಲಿತ. ಕಬ್ಬಿನ ಸಿಪ್ಪೆ ಉರಿದು ನೀರು ಆವಿಯಾಗುತ್ತದೆ, ಆವಿ ನುಗ್ಗಿ ಚಕ್ರ ತಿರುಗುತ್ತದೆ, ಚಕ್ರ ತಿರುಗಿದರೆ ಕರೆಂಟು. ಚಕ್ರದ ಸುತ್ತಲೂ ಸೂರ್ಯಪಾನದ ಹೂವಿನ ಎಸಳಿನ ಹಾಗೆ ಉಕ್ಕಿನ ಅಲಗುಗಳು. ಕೊನೆಯ ಸಾಲಿನವು ಎಲ್ಲಕ್ಕಿಂತ ಉದ್ದ, ಗೇಣಿಗಿಂತ ತುಸು ಹೆಚ್ಚು, ಒಟ್ಟು ಎಪ್ಪತ್ತೆರಡು. ನಿಮಿಷಕ್ಕೆ ಆರು ಸಾವಿರ ಸುತ್ತು ಸುತ್ತುವಾಗ ಅವು ಕಣ್ಣಿಗೆ ಕಾಣುವುದಿಲ್ಲ. ಕಿವಿಗೆ ಮಾತ್ರ ಕಾಣುತ್ತವೆ ಎಂದು ಖಲೀಲ ಹೇಳುತ್ತಿದ್ದ.

ಅಲಗು ಕೂಡಿಸುವಾಗ ಖಲೀಲನದು ಒಂದು ಕಟ್ಟಳೆಯಿತ್ತು. ಒಂದೊಂದನ್ನೂ ಬೆಂಚಿನ ಇಕ್ಕಳದಲ್ಲಿ ಕಚ್ಚಿಸಿ, ಹಿತ್ತಾಳೆಯ ಸಣ್ಣ ಸುತ್ತಿಗೆಯಿಂದ ಬಡಿದು, ದನಿ ಕೇಳುವುದು. ತುಸು ಸಣ್ಣ ದನಿಯವು ಒಂದು ಗುಂಪು, ತುಸು ದಪ್ಪ ದನಿಯವು ಇನ್ನೊಂದು. ಚಕ್ರಕ್ಕೆ ಏರಿಸುವಾಗ ಒಂದು ಈ ಗುಂಪಿನದು, ಮಗ್ಗುಲಿಗೆ ಆ ಗುಂಪಿನದು. ಎರಡು ಒಂದೇ ದನಿಯವು ಹೆಗಲಿಗೆ ಹೆಗಲು ಕೊಡಬಾರದು. ಯಾಕೆ ಎಂದು ಮಾಳಿಂಗರಾಯ ಒಮ್ಮೆ ಕೇಳಿದ್ದಕ್ಕೆ ಅವನು, ನಮ್ಮ ಉಸ್ತಾದ ಹಂಗ ಹೇಳ್ಯಾನ, ನಾ ಹಂಗ ಮಾಡ್ತೇನಿ, ನೀನೂ ಹಂಗ ಮಾಡು ಎಂದು ಬೀಡಿ ಹಚ್ಚಿಕೊಂಡ. ಮಾಳಿಂಗರಾಯ ಮೂವತ್ತು ವರ್ಷ ಹಾಗೆಯೇ ಮಾಡಿದ. ಖಲೀಲ ಕೆಲಸ ಬಿಟ್ಟು ಇಳಕಲ್ಲಿಗೆ ಹೋಗುವಾಗ ಸುತ್ತಿಗೆಯನ್ನು ಇವನ ಕೈಗೆ ಕೊಟ್ಟ.

ಆದರೆ ಮಾಳಿಂಗರಾಯನಿಗೆ ಇನ್ನೊಬ್ಬ ಗುರುವಿದ್ದ, ಊರ ದೇವರು ಬೀರಪ್ಪ. ಗುಡಿಯ ಡೊಳ್ಳಿನ ಮೇಳಕ್ಕೆ ಮಾಳಿಂಗರಾಯನೇ ಮುಂದಾಳು. ಹನ್ನೆರಡು ಡೊಳ್ಳು. ಸೇವೆಗೆ ಮುಂಚೆ ಬೆಂಕಿಯ ಸುತ್ತ ಅವನ್ನಿಟ್ಟು ಚರ್ಮ ಕಾಯಿಸಿ, ಹಗ್ಗ ಬಿಗಿದು, ಹನ್ನೆರಡೂ ಒಂದೇ ದನಿಗೆ ಬರುವ ತನಕ ಅವನು ಯಾರನ್ನೂ ಬಾರಿಸಲು ಬಿಡುತ್ತಿರಲಿಲ್ಲ. ಒಂದು ಡೊಳ್ಳು ಬೇರೆ ಮಾತಾಡಿದರೆ ಆ ದಿನ ದೇವರು ಪೂಜಾರಿಯ ಮೈಮೇಲೆ ಬರುವುದಿಲ್ಲ. ಇದು ಅವನು ಕಣ್ಣಾರೆ ಕಂಡ ಸತ್ಯ. ಹನ್ನೆರಡು ಒಂದಾದಾಗ ಎದೆಯೊಳಗೆ ಏನೋ ಬಿಚ್ಚಿಕೊಳ್ಳುತ್ತದಲ್ಲ, ಅದಕ್ಕಿಂತ ದೊಡ್ಡ ಸುಖವನ್ನು ಅವನು ಈ ಲೋಕದಲ್ಲಿ ಕಂಡಿರಲಿಲ್ಲ.

ಹಿಂದಿನ ಹಂಗಾಮಿನಲ್ಲಿ ಕೊನೆಯ ಸಾಲು ಸವೆದಿತ್ತು. ಮಳೆಗಾಲದಲ್ಲಿ ಯಂತ್ರ ಬಿಚ್ಚಿದಾಗ ಹೊಸ ಅಲಗುಗಳು ಬಂದವು. ಶ್ರಾವಣದ ಮಳೆ ತಗಡಿನ ಮೇಲೆ ಬೀಳುತ್ತಿತ್ತು, ಒಂದು ಅಲಗನ್ನು ಬಡಿದ, ಇನ್ನೊಂದನ್ನು ಬಡಿದ. ಆಗ ಅವನ ಮನಸ್ಸಿಗೆ ಒಂದು ವಿಚಾರ ಹೊಕ್ಕಿತು. ಇವನ್ನು ಯಾಕೆ ಬೇರೆ ಬೇರೆ ಮಾತಾಡಲು ಬಿಡಬೇಕು? ದೇವರ ಮುಂದಿನ ಹನ್ನೆರಡಕ್ಕೆ ಒಂದು ನ್ಯಾಯ, ಇಷ್ಟು ಮಂದಿಗೆ ಬೆಳಕು ಕೊಡುವ ಈ ಎಪ್ಪತ್ತೆರಡಕ್ಕೆ ಇನ್ನೊಂದೇ?

ಹನ್ನೆರಡು ದಿನ ಕುಳಿತ. ದಪ್ಪ ದನಿಯವುಗಳ ತುದಿಯನ್ನು ಕೂದಲೆಳೆಯಷ್ಟು ಅರದಿಂದ ಉಜ್ಜುವುದು, ಬಡಿಯುವುದು, ಕೇಳುವುದು, ಮತ್ತೆ ಉಜ್ಜುವುದು. ಗೌತಮ ಆಗ ಅವನ ಮಗ್ಗುಲಲ್ಲೇ ಇರುತ್ತಿದ್ದ. ಚೊಳಚಗುಡ್ಡದ ಹುಡುಗ, ಮದುವೆಯಾಗಿ ಮೂರು ವರ್ಷ. ಎಂಟು ವರ್ಷದಿಂದ ಮಾಳಿಂಗರಾಯನನ್ನು ಕಾಕಾ ಎನ್ನುತ್ತ, ಅವನು ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತ ಬೆಳೆದವನು. ಏನು ಕಂಡರೂ ಬರೆಯುವ ಚಾಳಿ ಅವನಿಗೆ. ಮನೆಯ ಎಮ್ಮೆ ಎಷ್ಟು ಹಾಲು ಕೊಟ್ಟಿತೆಂದೂ ಬರೆದಿಡುತ್ತಾನೆ ಎಂದು ಜೊತೆಯವರು ಕಾಡುತ್ತಿದ್ದರು. ಖಲೀಲ ಅಜ್ಜನಿಗೆ ಒಂದು ಮಾತು ಕೇಳೋಣವೇ ಎಂದು ಅವನು ಒಮ್ಮೆ ಅಂದ. ಅಜ್ಜನ ಕಾಲ ಬೇರೆ, ಅವನಿಗೆ ಡೊಳ್ಳು ಗೊತ್ತಿಲ್ಲ ಎಂದು ಮಾಳಿಂಗರಾಯ ನಕ್ಕ.

ಹದಿಮೂರನೆಯ ದಿನ ಎಲ್ಲವನ್ನೂ ಸಾಲಾಗಿ ಬಡಿದ. ಎಪ್ಪತ್ತೆರಡು ಅಲಗು, ಒಂದೇ ದನಿ. ಶೆಡ್ಡಿನೊಳಗೆ ಅದು ಗುಡಿಯ ಗಂಟೆಯ ಹಾಗೆ ತೇಲಿತು. ಮಾಳಿಂಗರಾಯ ಕಣ್ಣೊರೆಸಿಕೊಂಡ. ಇಂಜಿನಿಯರ ಸುನೀಲಕುಮಾರನಿಗೆ ದನಿಯ ಹಂಬಲವಿರಲಿಲ್ಲ, ತೂಕ ಸರಿಯಿದ್ದರೆ ಸಾಕಿತ್ತು. ತೂಕದ ಯಂತ್ರದ ಮೇಲೆ ಚಕ್ರ ತಿರುಗಿಸಿದರೆ ಮುಳ್ಳು ಅಲುಗಲಿಲ್ಲ. ಇಷ್ಟು ಸಮ ಎಂದೂ ಬಂದಿರಲಿಲ್ಲ ಎಂದು ಅವನು ಬೆನ್ನು ತಟ್ಟಿದ. ಆ ಸಮವೇ ಅವರಿಬ್ಬರನ್ನೂ ಕುರುಡು ಮಾಡಿತು.

ಹಂಗಾಮು ಶುರುವಾಯಿತು. ಆವಿ ತುಂಬಿ ಬರುವಷ್ಟು ದಿನ ಯಂತ್ರ ಚೆಂದವಾಗಿಯೇ ನಡೆಯಿತು. ಪಾಡ್ಯ ಬಂತು. ಕಬ್ಬು ಕಡಿಯುವ ಗ್ಯಾಂಗುಗಳೆಲ್ಲ ಹಬ್ಬಕ್ಕೆ ಗುಡಿಸಲಲ್ಲಿ ಉಳಿದವು. ಕಬ್ಬಿಲ್ಲ, ಸಿಪ್ಪೆಯಿಲ್ಲ, ಆವಿ ಸಣ್ಣಗಾಯಿತು. ಆದರೂ ಕರೆಂಟು ಕೊಡುವ ಕರಾರಿತ್ತು. ಟರ್ಬೈನನ್ನು ಅರೆಹೊಟ್ಟೆಯಲ್ಲೇ ತಿರುಗಿಸುತ್ತಿದ್ದರು. ಹಬ್ಬದ ದಿನ ಪಾಳಿಗೆ ಕುಳಿತವನು ಗೌತಮ. ಮಾಳಿಂಗರಾಯನ ಪಾಳಿಯೂ ಅಂದೇ ಇತ್ತು, ಆದರೆ ಬೀರಪ್ಪನ ಸೇವೆಯಿದೆ ಎಂದು ಅವನು ರಜೆ ಪಡೆದಿದ್ದ. ಹುಡುಗ ಹಬ್ಬದಲ್ಲೂ ಒಬ್ಬನೇ ಕೂಡುತ್ತಾನಲ್ಲ ಎಂದು ಸಾವಂತ್ರವ್ವ ಸ್ಟೀಲಿನ ಡಬ್ಬಿಯಲ್ಲಿ ನಾಲ್ಕು ಹೋಳಿಗೆ, ಮೇಲೆ ತುಪ್ಪ ಹಾಕಿ ಕಳಿಸಿದಳು. ಡಬ್ಬಿಯ ಮುಚ್ಚಳದ ಮೇಲೆ ಅವಳ ಹೆಸರು ಕೊರೆದಿತ್ತು, ತವರಿನವರು ಕೊಟ್ಟದ್ದು. ಮುಂಜಾನೆ ಗೌತಮ ಫೋನು ಮಾಡಿ, ಡಬ್ಬಿ ಖಾಲಿ ಕೊಡೂದಿಲ್ಲವ್ವಾ, ನಮ್ಮವ್ವ ಹಂಗ ಬಿಡೂಕಿ ಅಲ್ಲ ಎಂದು ನಗಿಸಿದ್ದ. ಈ ನಾಡಿನಲ್ಲಿ ಬಂದ ಪಾತ್ರೆಯನ್ನು ಯಾರೂ ಖಾಲಿ ತಿರುಗಿಸುವುದಿಲ್ಲ; ಏನೂ ಇಲ್ಲದಿದ್ದರೆ ಒಂದು ಹಿಡಿ ಜೋಳ, ಒಂದು ಚಿಟಿಕೆ ಸಕ್ಕರೆಯಾದರೂ ಇರಬೇಕು.

ಸಂಜೆ ಡೊಳ್ಳುಗಳು ಒಂದಾಗಿ, ಪೂಜಾರಿಯ ಭುಜ ನಡುಗತೊಡಗಿತ್ತು. ಆಗ ಮಾಳಿಂಗರಾಯನ ಜೇಬಿನಲ್ಲಿ ಫೋನು. ಗುಡಿಯ ಹಿಂದಕ್ಕೆ ಹೋಗಿ ಕಿವಿಗೆ ಹಿಡಿದ.

"ಕಾಕಾ, ಲೋಡ ಭಾಳ ಇಳದೈತಿ. ಹಿಂದಿನ ಸಾಲಿನ ಕಡೆ ಏನೋ ಗುಂಯ್ ಅಂತೈತಿ. ನಿಲ್ಲಿಸ್ಲೇನು?"

"ಹೆಂತಾ ಗುಂಯ್?"

"ಒಂದ ದನಿ. ಡೊಳ್ಳಿನಂಗ."

ಮಾಳಿಂಗರಾಯನ ಮೈ ಜುಮ್ಮೆಂದಿತು. ಈ ಕಡೆ ಹನ್ನೆರಡು, ಆ ಕಡೆ ಎಪ್ಪತ್ತೆರಡು. ಅದು ಬೀರಪ್ಪನ ಒಪ್ಪಿಗೆ ಎಂದೇ ಅವನಿಗೆ ತೋರಿತು.

"ಹಾಡಾಕತ್ತಾವ ತಮ್ಮಾ ಅವು. ನಿಲ್ಲಿಸಬ್ಯಾಡ. ನಡೀಲಿ."

ನಿಲ್ಲಿಸುವ ಗುಂಡಿ ಗೌತಮನ ಕೈಯಳತೆಯಲ್ಲಿತ್ತು. ಒತ್ತಲು ಯಾರನ್ನೂ ಕೇಳಬೇಕಿರಲಿಲ್ಲ. ಅವನು ಕಾಕಾನನ್ನು ಕೇಳಿದ, ಕಾಕಾ ಬೇಡವೆಂದ. ಹತ್ತು ನಿಮಿಷದ ನಂತರ, ಕಾಕಾ ಕಲಿಸಿದ ಹಾಗೆಯೇ ಉದ್ದನೆಯ ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ಯಂತ್ರದ ಹೊಟ್ಟೆಗೆ, ಇನ್ನೊಂದನ್ನು ಕಿವಿಗೆ ಹಿಡಿದು ಅವನು ಕೇಳುತ್ತ ನಿಂತಿದ್ದಾಗ ಒಂದು ಅಲಗು ಬುಡದಿಂದ ಹಾರಿತು.

ಮಾಳಿಂಗರಾಯ ಹೋಗಿ ಮುಟ್ಟುವಷ್ಟರಲ್ಲಿ ದೇಹವನ್ನು ಒಯ್ದಿದ್ದರು. ಶೆಡ್ಡಿನಲ್ಲಿ ಆವಿ ತುಂಬಿತ್ತು, ಕಾಲ ಕೆಳಗೆ ಎಣ್ಣೆ. ಮೇಜಿನ ಮೇಲೆ ಪುಸ್ತಕ ತೆರೆದೇ ಇತ್ತು. ಗೌತಮನ ದುಂಡನೆಯ ಅಕ್ಷರ. ಐದೂ ನಲವತ್ತಕ್ಕೆ ಲೋಡು ಇಳಿದದ್ದು, ಐದೂ ಐವತ್ತಕ್ಕೆ ಗುಂಯ್ ಎಂದದ್ದು. ಕೆಳಗೆ: "೫.೫೫ ಮಾಳಿಂಗರಾಯ ಕಾಕಾರಿಗೆ ಫೋನ್ ಮಾಡಿ ನಿಲ್ಲಿಸಲೇ ಎಂದು ಕೇಳಿದೆ. ನಿಲ್ಲಿಸಬೇಡ ಎಂದರು. ೬.೦೨ ದನಿ ಏರುತ್ತಿದೆ. ಹೋಗಿ ಕೇಳುತ್ತೇನೆ."

ಕೈ ತಾನಾಗಿ ಪುಸ್ತಕವನ್ನು ಮುಚ್ಚಿತು. ಕೈ ತಾನಾಗಿ ಅದನ್ನು ಕಂಬಳಿಯೊಳಗೆ ಇಟ್ಟಿತು. ಎಷ್ಟೋ ದಿನ ಅವನು ತನಗೆ ತಾನು ಹೀಗೆಯೇ ಹೇಳಿಕೊಂಡ. ಕೈಗೆ ತಾನಾಗಿ ಏನೂ ಮಾಡಲು ಬರುವುದಿಲ್ಲ ಎಂಬುದನ್ನು ಕೈಕೆಲಸದವನಿಗಿಂತ ಚೆನ್ನಾಗಿ ಯಾರು ಬಲ್ಲರು?

ಆಮೇಲೆ ಮಾತು ಹುಟ್ಟಿತು, ಮಾತು ಬೆಳೆಯಿತು. ಯಾರಿಗೂ ತಿಳಿಸದೆ, ಏನೂ ಬರೆಯದೆ ಕಡಿಮೆ ಲೋಡಿನಲ್ಲಿ ಓಡಿಸಿದ ಎಂದು ಕಚೇರಿಯವರು ಅಂದರು. ಚಹಾದಂಗಡಿಯಲ್ಲಿ ಅದಕ್ಕೆ ಕೈಕಾಲು ಬಂದವು. ಬಾಯ್ಲರಿನ ಮುತ್ತಪ್ಪ ಒಂದು ದಿನ ಬಸಿಯಲ್ಲಿ ಚಹಾ ಹೊಯ್ದುಕೊಳ್ಳುತ್ತ ಅಂದ:

"ಹೋಳಿಗಿ ಹೊಡದು ಮಕ್ಕೊಂಡಿದ್ದ ಲೇ ಅಂವ. ಪಾಡ್ಯಾದ ಹೋಳಿಗಿ ಅಂದ್ರ ಏನ ಸಾಮಾನ್ಯೇನು? ಮಾಳಿಂಗಣ್ಣ, ನಿಮ್ಮ ಮನೀದ ಬಂದಿತ್ತಂತಲ್ಲ?"

ಮಂದಿ ನಕ್ಕರು. ಮಾಳಿಂಗರಾಯ ಚಹಾದ ಬಸಿ ಕೆಳಗಿಟ್ಟು ಎದ್ದು ಬಂದ. ಅಂದಿನಿಂದ ಅವನು ಡೊಳ್ಳು ಮುಟ್ಟಲಿಲ್ಲ. ಮೈಗೆ ಹುಷಾರಿಲ್ಲವೇನೋ ಎಂದು ಊರವರು ಅಂದುಕೊಂಡರು.

ಆದರೂ ಒಂದು ಆಸೆ ಉಳಿದಿತ್ತು: ಉಕ್ಕೇ ಕೆಟ್ಟದ್ದಿರಬಹುದು. ಯಂತ್ರ ಬಿಚ್ಚಿದಾಗ ಅದೂ ಹೋಯಿತು. ಹಾರಿದ್ದು ಒಂದೇ, ಆದರೆ ಮುರಿಯದೆ ನಿಂತವುಗಳ ಬುಡದಲ್ಲೂ ಒಂದೊಂದು ಕೂದಲೆಳೆಯ ಬಿರುಕು, ಎಲ್ಲವೂ ಒಂದೇ ಕಡೆಗೆ. ಕೆಟ್ಟ ಉಕ್ಕಾದರೆ ಒಂದೋ ಎರಡೋ ಬಿರಿಯುತ್ತವೆ. ಎಲ್ಲವೂ ಕೂಡಿ ನಡುಗಿದ್ದವು. ಮಾರನೆಯ ದಿನವೇ ಅವನು ಹಿತ್ತಾಳೆಯ ಸುತ್ತಿಗೆ ಹಿಡಿದು ಇಳಕಲ್ಲಿಗೆ ಹೋದ.

ಖಲೀಲ ಮೇಸ್ತ್ರಿ ಹೊರಸಿನ ಮೇಲೆ ಕುಳಿತು ಬಿಸಿಲು ಕಾಯಿಸುತ್ತಿದ್ದ. ಕಣ್ಣು ಮಂಜಾಗಿದ್ದವು. ಸೊಸೆ ಅಲ್ಮಾಸ ನೀರು ತಂದಿಟ್ಟು ಒಳಗೆ ಹೋದಳು. ಮಾಳಿಂಗರಾಯ ಹೇಳಬೇಕಾದ್ದನ್ನೆಲ್ಲ ತಲೆ ತಗ್ಗಿಸಿ ಹೇಳಿದ: ಹನ್ನೆರಡು ದಿನ ಅರ ಹಿಡಿದದ್ದು, ಒಂದೇ ದನಿ ಮಾಡಿದ್ದು, ಫೋನಿನಲ್ಲಿ ಬೇಡ ಎಂದದ್ದು. ಪುಸ್ತಕದ ಮಾತು ಮಾತ್ರ ಹೇಳಲಿಲ್ಲ. ಮುದುಕ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

"ನಿಮ್ಮಪ್ಪ ಕುರಿ ಹಿಂಡಿನ್ಯಾಗ ನಾಕು ಆಡು ಯಾಕ ಬಿಡ್ತಿದ್ದ?" ಎಂದು ಕೇಳಿದ.

ಇದು ಯಾವ ಕುರುಬನ ಕೂಸಿಗೂ ಗೊತ್ತು. ಬರೀ ಕುರಿಯ ಹಿಂಡಾದರೆ ಒಂದು ಬೆದರಿದರೆ ಎಲ್ಲವೂ ಬೆದರುತ್ತವೆ. ಒಂದು ಹಳ್ಳಕ್ಕೆ ಬಿದ್ದರೆ ಎಲ್ಲವೂ ಅದರ ಹಿಂದೆ ಬೀಳುತ್ತವೆ. ಆಡಿನ ಬುದ್ಧಿ ಬೇರೆ. ಅದು ನಿಂತು ನೋಡುತ್ತದೆ. ನಡುನಡುವೆ ಆಡು ನಿಂತರೆ ಬೆದರಿಕೆ ಅಲ್ಲಿಗೇ ಕಡಿಯುತ್ತದೆ.

"ಅಷ್ಟ ನೋಡಪ್ಪಾ," ಎಂದ ಖಲೀಲ. "ನಾ ನಿನಗ ಹೇಳಬೇಕಾಗಿತ್ತು. ನನಗೂ ಭಾಳ ದಿನಕ್ಕ ತಿಳೀತು. ಆವಿ ಸಣ್ಣಾದಾಗ ಒಂದನ್ನ ಅಲುಗಿಸ್ತದ, ಅದು ಮಗ್ಗಲದ್ದಕ್ಕ ಹೇಳ್ತದ. ಮಗ್ಗಲದ್ದರ ದನಿ ಬ್ಯಾರೆ ಇದ್ರ ಆ ಮಾತು ಅದಕ್ಕ ತಿಳಿಯೂದಿಲ್ಲ. ಅಲ್ಲೇ ಸಾಯ್ತದ."

ಸುತ್ತಿಗೆಯನ್ನು ಮಾಳಿಂಗರಾಯ ಹೊರಸಿನ ಮೇಲಿಟ್ಟ. ಖಲೀಲ ಅದನ್ನು ಕೈಯಿಂದ ತಡವಿ ನೋಡಿದ. ಮಾಳಿಂಗರಾಯ ಇಟ್ಟೇ ಬಂದ.

ಬೆಳೆದ ಮನೆಯ ಅಂಗಳದಲ್ಲೇ ಬಿದ್ದಿದ್ದ ತಿಳಿವಳಿಕೆ ಅದು. ಅಪ್ಪನ ಹಿಂಡಿನಲ್ಲಿ ಆಡುಗಳನ್ನು ದಿನಾ ಎಣಿಸಿ ಒಳಗೆ ಹೊಡೆದವನು ಇವನೇ. ದೇವರು ಬೇಕಾದ್ದನ್ನು ಮೊದಲೇ ಕೈಗೆ ಕೊಟ್ಟಿರುತ್ತಾನೆ ಎಂದು ಹಿರಿಯರು ಹೇಳುತ್ತಾರೆ. ಕೊಟ್ಟದ್ದನ್ನು ಮರೆತವನಿಗೆ ಅವನು ಏನು ಮಾಡುತ್ತಾನೆ ಎಂದು ಅವರು ಹೇಳಿಲ್ಲ.

ಈಗ ಬಸ್ಸು ಪಟ್ಟದಕಲ್ಲಿನ ಮೇಲೆ ಹಾದು ಬಾದಾಮಿ ಮುಟ್ಟಿತು. ಅಲ್ಲಿಂದ ಟಂಟಂ ಆಟೋ ಹಿಡಿದು ಚೊಳಚಗುಡ್ಡಕ್ಕೆ ಬಂದಾಗ ಬಿಸಿಲು ಬಲಿತಿತ್ತು. ಗಾಳಿ ಮಾತ್ರ ನಿಂತಿರಲಿಲ್ಲ.

ಗೌತಮನ ಹೆಂಡತಿ ಸುರೇಖಾ ಬಾಗಿಲಲ್ಲಿ ಮೆಂತ್ಯ ಸೋಸುತ್ತಿದ್ದಳು. ಕಾಕಾ ಎಂದು ಎದ್ದು ನಿಂತು, ಒಳಗೆ ಕೂಗಿ ಹೇಳಿದಳು. ತಾಯಿ ಶಾರವ್ವ ಗೋಡೆ ಹಿಡಿದು ಹೊರಗೆ ಬಂದು ಚಾಪೆ ಹಾಸಿದಳು. ಅವನಿಗೆ ನೀರು ಕೊಟ್ಟರು. ಎರಡು ತಿಂಗಳು ಮುಖ ತೋರಿಸಲಿಲ್ಲವೆಂದು ಯಾರೂ ಎತ್ತಿ ಆಡಲಿಲ್ಲ. ಶಾರವ್ವ ತಾನೇ ಮಾತು ತೆಗೆದಳು. ಮಗ ನಿದ್ದೆ ಮಾಡಿದ್ದನೆಂದು ಸಂತೆಯಲ್ಲಿ ಮಂದಿ ಅನ್ನುತ್ತಾರೆ, ನಾನು ಸಂತೆಗೆ ಹೋಗುವುದನ್ನು ಬಿಟ್ಟೆ ಎಂದಳು. ಆಮೇಲೆ ಅವನ ಮುಖವನ್ನೇ ನೋಡುತ್ತ ಕೇಳಿದಳು:

"ನೀ ಅವನ ಗುರು ಇದ್ದಿ. ಖರೆ ಹೇಳು. ನನ್ನ ಮಗ ಮಕ್ಕೊಂಡಿದ್ನೇನು?"

ಮಾಳಿಂಗರಾಯ ಕಂಬಳಿ ಬಿಚ್ಚಿದ. ಪುಸ್ತಕವನ್ನು ಎರಡೂ ಕೈಯಿಂದ ಸುರೇಖಾಳ ಮುಂದೆ ಹಿಡಿದ. ಅವಳು ರಟ್ಟು ನೋಡುತ್ತಲೇ ಗುರುತಿಸಿದಳು. ಹಾಳೆ ತಿರುವಿ, ಆ ದುಂಡನೆಯ ಅಕ್ಷರ ಬಂದಲ್ಲಿ ಬೆರಳಿಟ್ಟು, ಅತ್ತೆಗೆ ಕೇಳುವಂತೆ ಓದಿದಳು. ಲೋಡು ಇಳಿದದ್ದು, ಗುಂಯ್ ಎಂದದ್ದು. ಮುಂದಿನ ಸಾಲಿಗೆ ಬಂದಾಗ ತಲೆಯೆತ್ತಿ ಮಾಳಿಂಗರಾಯನನ್ನು ನೋಡಿದಳು. ಸುರೇಖಾ ಉಳಿದದ್ದನ್ನೂ ಓದಿದಳು, 'ಹೋಗಿ ಕೇಳುತ್ತೇನೆ' ಎನ್ನುವ ತನಕ.

"ನಿಲ್ಲಿಸ್ಲೇನು ಅಂತ ಕೇಳಿದ್ನಾ?" ಎಂದಳು ಶಾರವ್ವ.

"ಕೇಳಿದ್ದ ಅವ್ವಾ," ಎಂದ ಮಾಳಿಂಗರಾಯ.

"ನೀ ಬ್ಯಾಡ ಅಂದಿ."

"ಬ್ಯಾಡ ಅಂದೆ."

ಹಿತ್ತಲಲ್ಲಿ ಎಮ್ಮೆ ಸರಪಳಿ ಎಳೆಯಿತು. ಅಲಗು ಉಜ್ಜಿ ಕೆಡಿಸಿದ್ದೂ ತಾನೇ, ಈ ಪುಸ್ತಕ ಕದ್ದಿಟ್ಟದ್ದೂ ತಾನೇ ಎಂದು ಮಾಳಿಂಗರಾಯ ಹೇಳಿದ. ನಾಳೆ ಹುನಗುಂದಕ್ಕೆ ಇದನ್ನು ನೀವೇ ಹಿಡಿದುಕೊಂಡು ಬನ್ನಿ ಎಂದ. "ನನ್ನ ಕೈಯಾಗ ಇದ್ರ ಮತ್ತ ಅಂಜತೇನಿ. ನಾ ಅಲ್ಲಿ ಮೊದಲ ಬಂದು ನಿಂತಿರ್ತೇನಿ. ಕೇಳಿದ್ದಕ್ಕ ಹೌದಂತೇನಿ."

ಕೆಲಸ ಹೋಗುತ್ತದೆ, ಕೋರ್ಟು ಬರುತ್ತದೆ, ಜೈಲೂ ಬರಬಹುದು ಎಂದು ಅವನಿಗೆ ಗೊತ್ತಿತ್ತು. ಅದನ್ನೆಲ್ಲ ಹೇಳಲಿಲ್ಲ. ಹೇಳಿದರೆ ಅದು ಏನನ್ನೋ ಬೇಡಿದ ಹಾಗಾಗುತ್ತದೆ. ಕಾಲು ಹಿಡಿಯಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದ. ಈಗ ಅದಕ್ಕೂ ತನಗೆ ಹಕ್ಕಿಲ್ಲವೆನಿಸಿತು. ಚಾಪೆಯ ಮೇಲೆ ಅಂಗೈ ಊರಿ ಎದ್ದ.

ಸುರೇಖಾ ಪುಸ್ತಕವನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕುಳಿತೇ ಇದ್ದಳು. ಅಳಲಿಲ್ಲ. ದನಿ ಏರುತ್ತಿದೆ ಎಂಬ ಸಾಲನ್ನು ಮತ್ತೆ ಮತ್ತೆ ಬೆರಳಿಂದ ಸವರುತ್ತಿದ್ದ ಹಾಗೆ ಸೆರಗಿನೊಳಗೆ ಕೈ ಆಡುತ್ತಿತ್ತು.

ಅವನು ಅಂಗಳ ಇಳಿಯುವಾಗ ಶಾರವ್ವ ನಿಲ್ಲೆಂದಳು. ಒಳಗೆ ಹೋದಳು. ನೆಲುವಿನ ಕೆಳಗೆ ಪಾತ್ರೆ ಸರಿದ ಸದ್ದಾಯಿತು. ಹೊರಗೆ ಬಂದಾಗ ಅವಳ ಕೈಯಲ್ಲಿ ಸಾವಂತ್ರವ್ವನ ಸ್ಟೀಲಿನ ಡಬ್ಬಿಯಿತ್ತು. ಗೌತಮನ ಚಪ್ಪಲಿ, ಫೋನಿನ ಜೊತೆ ಕಾರ್ಖಾನೆಯವರು ಕಟ್ಟಿ ಕಳಿಸಿದ್ದು. ಬೂದಿ ಹಚ್ಚಿ ತಿಕ್ಕಿ, ಬಿಸಿಲಿಗೆ ಒಣಗಿಸಿ ಇಟ್ಟಿದ್ದಳು. ಒಂದು ಬದಿ ನಗ್ಗಿತ್ತು, ಮುಚ್ಚಳದ ಮೇಲಿನ ಹೆಸರು ಹೊಳೆಯುತ್ತಿತ್ತು.

ಪಡಸಾಲೆಯ ಮೂಲೆಯಲ್ಲಿ, ಅವಳ ಕೈಗೆ ಎಟುಕುವಲ್ಲೇ ಜೋಳದ ಬುಟ್ಟಿಯಿತ್ತು. ಶಾರವ್ವ ಆ ಬುಟ್ಟಿಯನ್ನೊಮ್ಮೆ ನೋಡಿದಳು. ಮುಚ್ಚಳವನ್ನು ಗಟ್ಟಿಯಾಗಿ ಒತ್ತಿ, ಖಾಲಿ ಡಬ್ಬಿಯನ್ನು ಅವನ ಕೈಗಿಟ್ಟಳು.